ನಾಲ್ಕು ತಳಿಯಿಂದ ಒಂದಕ್ಕೆ: ಹಿತ್ತಲಿನ ಅಪರೂಪದ ಕೋಳಿಗಳ ಒಂದು ಪ್ರಕರಣ

ಇದು ಒಂದು ಮನೆಯ ಹಿತ್ತಲಿನಲ್ಲಿ ನಡೆದದ್ದು. ಸಾಕಿದವರ ಹೆಸರಾಗಲಿ, ಅವರನ್ನು ಗುರುತಿಸುವಂಥ ವಿವರವಾಗಲಿ ಇಲ್ಲಿಲ್ಲ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅಲಂಕಾರಿಕ ಕೋಳಿ ಸಾಕಲು ಹೊರಟ ಹಲವರು ಇದೇ ದಾರಿ ಹಿಡಿದು, ಇದೇ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುವುದನ್ನು ನೋಡಿದ್ದೇನೆ. ಹೆಚ್ಚಿನವರು ಬೇಸತ್ತು ಕೈಬಿಡುತ್ತಾರೆ. ಇವರು ಬಿಡಲಿಲ್ಲ. ಎಲ್ಲೆಲ್ಲಿ ಏನು ತೀರ್ಮಾನ ತೆಗೆದುಕೊಂಡರು ಅನ್ನುವುದು ಬೇರೆಯವರಿಗೂ ಗೊತ್ತಾಗಲಿ ಎಂಬುದು ನನ್ನ ಆಸೆ.

ಹಿನ್ನೆಲೆ

ಗಂಡ ಹೆಂಡತಿ ಇಬ್ಬರಿಗೂ ಕೋಳಿ ಅಂದರೆ ಪ್ರೀತಿ. ಮೊದಲು ಮನೆಗೆ ಮೊಟ್ಟೆ ಸಿಗಲಿ ಎಂದು ಎಂಟು ಸಾಮಾನ್ಯ ಹೇಂಟೆಗಳನ್ನು ಸಾಕಿದ್ದರು. ಒಂದು ಗೂಡು, ಬೇಲಿ ಹಾಕಿದ ಒಂದು ಅಂಗಳ. ಆಮೇಲೆ ಅಪರೂಪದ ತಳಿಗಳ ಆಸೆ ಹತ್ತಿತು. ಒಂದೇ ವರ್ಷದಲ್ಲಿ ನಾಲ್ಕು ತಳಿ ಬಂದವು. ಪ್ರತಿ ತಳಿಗೂ ಒಂದು ಹುಂಜ, ಎರಡು ಹೇಂಟೆ.

ತಲೆ ತುಂಬ ಗರಿಯ ಜುಟ್ಟಿರುವ ಪೋಲಿಷ್. ಕಪ್ಪು ಚರ್ಮದ, ಐದು ಬೆರಳಿನ, ನೂಲಿನಷ್ಟು ನವಿರಾದ ಗರಿಯ ಸಿಲ್ಕಿ. ಗಿಡ್ಡ ಕಾಲು, ನೆಟ್ಟಗೆ ನಿಂತ ಬಾಲದ ಜಪಾನೀಸ್ ಬ್ಯಾಂಟಮ್. ನಾಲ್ಕನೆಯದು ಸೀಬ್ರೈಟ್. ಇದು ಹುಟ್ಟಿನಿಂದಲೇ ಪುಟ್ಟ ತಳಿ, ಇದರಲ್ಲಿ ದೊಡ್ಡ ಗಾತ್ರದ ಕೋಳಿಯೇ ಇಲ್ಲ. ಹುಂಜವೂ ಸುಮಾರು 600 ಗ್ರಾಂ ಅಷ್ಟೆ. 19ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಸರ್ ಜಾನ್ ಸೀಬ್ರೈಟ್ ಬೆಳೆಸಿದ ತಳಿ ಇದು. ಪ್ರತಿ ಗರಿಗೂ ಸಣ್ಣ ಕಪ್ಪು ಅಂಚು ಇರುತ್ತದೆ. ಇನ್ನೊಂದು ವಿಶೇಷ ಏನೆಂದರೆ, ಹುಂಜಕ್ಕೂ ಹೇಂಟೆಯಂಥದ್ದೇ ಗರಿ. ಕುತ್ತಿಗೆಯಲ್ಲಿ ಚೂಪು ಗರಿ ಇಲ್ಲ, ಬಾಲದಲ್ಲಿ ಬಾಗಿದ ಉದ್ದ ಗರಿಯೂ ಇಲ್ಲ. ಚರ್ಮದಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಗಂಡು ಹಾರ್ಮೋನನ್ನು ಅಲ್ಲೇ ಹೆಣ್ಣು ಹಾರ್ಮೋನಾಗಿ ಬದಲಿಸುವುದರಿಂದ ಹೀಗಾಗುತ್ತದೆ.

ಸೀಬ್ರೈಟ್‌ಗಳ ಜೊತೆ ಇನ್ನೊಂದು ಹುಂಜವೂ ಬಂದಿತ್ತು. ಕೊಟ್ಟವರು ಅದನ್ನು ಸುಮ್ನೆ ಕೊಟ್ಟಿದ್ದರು. ಈ ತಳಿಯ ಹುಂಜಕ್ಕೆ ತಲೆಯ ಮೇಲೆ ಅಗಲವಾದ, ಗುಳ್ಳೆ ಗುಳ್ಳೆಯಾದ ಕೆಂಪು ಮಾಂಸದ ರೋಸ್ ಕೋಂಬ್ ಇರಬೇಕು. ಇದಕ್ಕೆ ಸಾಮಾನ್ಯ ಕೋಳಿಗಿರುವಂತೆ ಹಲ್ಲು ಹಲ್ಲಾದ ಸಿಂಗಲ್ ಕೋಂಬ್ ಇತ್ತು. ತಳಿಯ ಲೆಕ್ಕದಲ್ಲಿ ಇದು ದೋಷ. ಈ ಹುಂಜವನ್ನು ನೆನಪಿಡಿ, ಮುಂದೆ ಬರುತ್ತದೆ.

ಅಪರೂಪದ ತಳಿಗಳನ್ನು ಉಳಿಸಬೇಕು ಎಂಬ ಅವರ ಆಸೆ ನಿಜವಾದದ್ದು. ಆದರೆ ನಾಲ್ಕು ತಳಿಗೆ ಮೂರು ಮೂರು ಕೋಳಿ ಇಟ್ಟುಕೊಂಡರೆ ಅದು ಸಂಗ್ರಹ ಆಗುತ್ತದೆ. ತಳಿ ಉಳಿಸುವ ಕೆಲಸ ಬೇರೆಯೇ. ಈ ಎರಡರ ನಡುವಿನ ಅಂತರ ಅರ್ಥವಾಗಲು ಅವರಿಗೆ ಮೂರು ಹಂಗಾಮು ಬೇಕಾಯಿತು.

ಜುಟ್ಟಿನ ಮೇಲೆ ಬಿದ್ದ ಪೆಟ್ಟು

ಮೊದಲು ಎಲ್ಲವೂ ಒಂದೇ ಅಂಗಳದಲ್ಲಿದ್ದವು. ಕೆಲವು ವಾರ ಏನೂ ಆಗಲಿಲ್ಲ. ಒಂದು ಮಳೆಯ ದಿನ ಒಂದು ಪೋಲಿಷ್ ಹೇಂಟೆ ತಲೆಯೆಲ್ಲ ರಕ್ತವಾಗಿ ಮೂಲೆಯಲ್ಲಿ ಮುದುಡಿ ಕೂತಿತ್ತು. ಮೊಟ್ಟೆ ಕೋಳಿಗಳು ಅದರ ಜುಟ್ಟನ್ನು ಕುಕ್ಕಿ ಕಿತ್ತಿದ್ದವು.

ಪೋಲಿಷ್ ಕೋಳಿಗೆ ಇದು ಬರೀ ಗರಿ ಕಿತ್ತುಹೋದ ಗಾಯ ಅಲ್ಲ. ಆ ಜುಟ್ಟಿನ ಕೆಳಗೆ ತಲೆಬುರುಡೆಯೇ ಮೇಲಕ್ಕೆ ಉಬ್ಬಿರುತ್ತದೆ. ಆ ಉಬ್ಬಿನಲ್ಲಿ ಎಲುಬು ಹಲವು ಸಲ ಪೂರ್ತಿ ಕೂಡಿಕೊಂಡಿರುವುದಿಲ್ಲ. ಮರಿಗಳಲ್ಲಂತೂ ಅಲ್ಲಿಗೆ ಒಂದು ಬಲವಾದ ಕುಕ್ಕು ಬಿದ್ದರೂ ಜೀವಕ್ಕೆ ಅಪಾಯ. ಹೊಸದಾಗಿ ಮೂಡುವ ಗರಿಯ ಬುಡದಲ್ಲಿ ರಕ್ತ ತುಂಬಿರುತ್ತದೆ, ಬೇರೆ ಕೋಳಿಗಳ ಕಣ್ಣು ಬೇಗ ಅದರ ಮೇಲೆ ಬೀಳುತ್ತದೆ. ಜುಟ್ಟು ಕಣ್ಣಿಗೆ ಅಡ್ಡ ಬರುವುದರಿಂದ ಎದುರಾಳಿ ಬರುವುದೂ ಪೋಲಿಷ್‌ಗೆ ಕಾಣುವುದಿಲ್ಲ.

ಅವರು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಗಾಯ ತೊಳೆದರು, ವಾಸಿಯಾಗುವವರೆಗೆ ಹೇಂಟೆಯನ್ನು ಬೇರೆ ಇಟ್ಟರು, ಮೇವಿನ ತಟ್ಟೆ ಹೆಚ್ಚಿಸಿದರು, ಮತ್ತೆ ಒಳಗೆ ಬಿಟ್ಟರು. ಮತ್ತೆ ಅದೇ ಆಯಿತು. ರಕ್ತದ ರುಚಿ ಕಂಡ ಕೋಳಿಗಳು ಆ ಚಟ ಬಿಡುವುದು ಕಷ್ಟ.

ಆಗ ಅಂಗಳವನ್ನು ಭಾಗ ಮಾಡಿದರು. ಭಾರದ ಮೊಟ್ಟೆ ಕೋಳಿಗಳು ಒಂದು ಕಡೆ, ಅಲಂಕಾರಿಕ ತಳಿಗಳು ನಾಲ್ಕು ಸಣ್ಣ ಆವರಣಗಳಲ್ಲಿ. ಪೋಲಿಷ್‌ಗೆ ಅಗಲ ಬಾಯಿಯ ನೀರಿನ ಪಾತ್ರೆ ತೆಗೆದು, ಕೊಕ್ಕು ಮಾತ್ರ ಹೋಗುವಂಥ ಸಣ್ಣ ಕಪ್ ಇಟ್ಟರು. ಜುಟ್ಟು ಒಣಗಿಯೇ ಇರತೊಡಗಿತು. ಕಣ್ಣಿನ ಸುತ್ತ ಗರಿ ಕತ್ತರಿಸಿದರು. ಜುಟ್ಟಿನ ಬುಡದಲ್ಲಿ ಹೇನು, ನುಸಿ ಅಡಗುವುದರಿಂದ ಆಗಾಗ ಗರಿ ಬಿಡಿಸಿ ನೋಡುವುದನ್ನು ರೂಢಿ ಮಾಡಿಕೊಂಡರು. ಹತ್ತಿರ ಹೋಗುವ ಮೊದಲು ಮಾತಾಡಿ ಸದ್ದು ಮಾಡುವುದನ್ನೂ ಕಲಿತರು. ಕಾಣದ ಕೈ ತಟ್ಟನೆ ಮೇಲೆ ಬಿದ್ದರೆ ಯಾವ ಜೀವ ತಾನೇ ಹೆದರುವುದಿಲ್ಲ? ಸಿಲ್ಕಿಗೆ ಮಳೆ ಬೀಳದ ಮಾಡು ಹಾಕಿದರು. ಅದರ ಗರಿಯ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವುದಿಲ್ಲ, ಹಾಗಾಗಿ ನೀರು ನೇರ ಮೈಗೆ ಇಳಿಯುತ್ತದೆ.

ಕುಕ್ಕಾಟ ಅಲ್ಲಿಗೆ ನಿಂತಿತು.

ಮರಿ ಆಗುತ್ತಿಲ್ಲ

ಮೊದಲ ಹಂಗಾಮಿನಲ್ಲಿ ಹುಟ್ಟಿದ ಮರಿಗಳೆಲ್ಲ ಬೆರಕೆ. ಅರ್ಧ ಜುಟ್ಟಿನ ಐದು ಬೆರಳಿನ ಮರಿ, ಗಿಡ್ಡ ಕಾಲಿನ ಬೂದು ಮರಿ, ಹೀಗೆ. ಎಲ್ಲ ಹುಂಜಗಳೂ ಒಟ್ಟಿಗಿದ್ದರೆ ಇನ್ನೇನಾಗುತ್ತದೆ? ಆವರಣ ಬೇರೆ ಮಾಡಿದ ಮೇಲೂ ತಕ್ಷಣ ಮೊಟ್ಟೆ ಕೂಡಿಸಬಾರದು. ಹೇಂಟೆ ತನ್ನ ಒಡಲಲ್ಲಿ ಹುಂಜದ ವೀರ್ಯವನ್ನು ಎರಡು ಮೂರು ವಾರ ಉಳಿಸಿಕೊಳ್ಳಬಲ್ಲದು. ಅವರು ಮೂರು ವಾರ ಕಾದರು. ಅದು ಸರಿಯಾದ ಕ್ರಮ.

ಎರಡನೇ ಹಂಗಾಮಿನಲ್ಲಿ ಹೊಸ ತೊಂದರೆ ಬಂತು. ಇನ್‌ಕ್ಯುಬೇಟರ್‌ನಲ್ಲಿ ಇಟ್ಟ ಮೊಟ್ಟೆಗಳಲ್ಲಿ ಅರ್ಧಕ್ಕಿಂತ ಕಡಿಮೆ ಒಡೆದವು. ಗಂಡ ಯಂತ್ರದ ಮೇಲೆ ಅನುಮಾನಪಟ್ಟರು. ತಾಪಮಾನ 37.5 ಡಿಗ್ರಿ ಇದೆಯಾ ಎಂದು ಬೇರೆ ಬೇರೆ ಥರ್ಮಾಮೀಟರ್ ಇಟ್ಟು ನೋಡಿದರು. ತೇವ ಏರಿಸಿದರು, ಇಳಿಸಿದರು. ಕೊನೆಗೆ ಹೊಸ ಯಂತ್ರವನ್ನೇ ತಂದರು. ಫಲಿತಾಂಶ ಬದಲಾಗಲಿಲ್ಲ.

ಈ ಪ್ರಕರಣದ ಮೊದಲ ದೊಡ್ಡ ತಿರುವು ಹೆಂಡತಿಯದು. ಯಂತ್ರ ಸರಿಯಿದೆಯೋ ಇಲ್ಲವೋ ಮೊದಲು ತಿಳಿದುಕೊಳ್ಳೋಣ ಎಂದರು. ಪರಿಚಯದವರ ಸಾಮಾನ್ಯ ಕೋಳಿಗಳ ಮೊಟ್ಟೆ ತಂದು, ತಮ್ಮ ಮೊಟ್ಟೆಗಳ ಪಕ್ಕದಲ್ಲೇ ಇಟ್ಟರು. 21ನೇ ದಿನಕ್ಕೆ ಆ ಮೊಟ್ಟೆಗಳು ಬಹುತೇಕ ಎಲ್ಲ ಒಡೆದು ಮರಿಯಾದವು. ಪಕ್ಕದಲ್ಲಿದ್ದ ಅಲಂಕಾರಿಕ ತಳಿಗಳ ಮೊಟ್ಟೆಗಳು ಮೊದಲಿನ ಹಾಗೆಯೇ. ತೊಂದರೆ ಯಂತ್ರದಲ್ಲಿ ಇಲ್ಲ ಎನ್ನುವುದು ಅಲ್ಲಿಗೆ ಖಚಿತವಾಯಿತು.

ಎರಡನೇ ತಿರುವು ಅದರ ಬೆನ್ನಿಗೇ ಬಂತು. ಒಡೆಯದೆ ಉಳಿದ ಮೊಟ್ಟೆಗಳನ್ನು ಎಸೆಯುವ ಬದಲು, ತಳಿವಾರು ಬೇರೆ ಮಾಡಿ, ಒಂದೊಂದನ್ನೇ ಒಡೆದು ನೋಡಿದರು. ಅಹಿತವಾದ ಕೆಲಸ ನಿಜ, ವಾಸನೆಯೂ ಇರುತ್ತದೆ. ಆದರೆ ಮರಿ ಆಗದಿದ್ದಾಗ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸೋತದ್ದು ಒಂದೇ ಕಾರಣಕ್ಕೆ ಅಲ್ಲ, ತಳಿಗೊಂದು ಕಾರಣಕ್ಕೆ ಎಂದು ಅವರಿಗೆ ತಿಳಿದದ್ದು ಹೀಗೆ.

ಸಿಲ್ಕಿ ಮೊಟ್ಟೆಗಳಲ್ಲಿ ಬಹಳಷ್ಟು ಬೀಜ ಕಟ್ಟಿರಲೇ ಇಲ್ಲ. ಹಿಂಭಾಗದಲ್ಲಿ ಗರಿ ದಟ್ಟವಾಗಿದ್ದರೆ ಕೂಡುವಿಕೆ ಸರಿಯಾಗಿ ಆಗುವುದಿಲ್ಲ. ಹುಂಜ, ಹೇಂಟೆ ಎರಡಕ್ಕೂ ಅಲ್ಲಿನ ಗರಿ ಕತ್ತರಿಸಿದ ಮೇಲೆ ಇದು ಬಹುಮಟ್ಟಿಗೆ ಸರಿಹೋಯಿತು.

ಜಪಾನೀಸ್ ಬ್ಯಾಂಟಮ್‌ನ ಮೊಟ್ಟೆಗಳಲ್ಲಿ ಬೀಜ ಕಟ್ಟಿತ್ತು, ಆದರೆ ಹಲವು ಭ್ರೂಣ ಮೊದಲ ವಾರದಲ್ಲೇ ಸತ್ತಿದ್ದವು. ಇದಕ್ಕೆ ಕಾರಣ ಆ ಗಿಡ್ಡ ಕಾಲೇ. ಕಾಲನ್ನು ಗಿಡ್ಡ ಮಾಡುವ ಜೀನ್ ತಾಯಿ ತಂದೆ ಇಬ್ಬರಿಂದಲೂ ಬಂದರೆ ಭ್ರೂಣ ಬದುಕುವುದಿಲ್ಲ. ಗಿಡ್ಡ ಕಾಲಿನ ಹುಂಜಕ್ಕೆ ಗಿಡ್ಡ ಕಾಲಿನ ಹೇಂಟೆ ಕೂಡಿಸಿದರೆ ನಾಲ್ಕರಲ್ಲಿ ಒಂದು ಭಾಗ ಹೀಗೇ ಹೋಗುತ್ತದೆ. ಎಷ್ಟೇ ಆರೈಕೆ ಮಾಡಿದರೂ ಇದನ್ನು ತಪ್ಪಿಸಲಾಗದು. ಗಿಡ್ಡ ಕಾಲಿಗೆ ಅದೇ ತಳಿಯ ಉದ್ದ ಕಾಲಿನ ಕೋಳಿ ಕೂಡಿಸಿದರೆ ಈ ಸಾವು ಇಲ್ಲ, ಅರ್ಧದಷ್ಟು ಮರಿ ಗಿಡ್ಡ ಕಾಲಿನವೇ ಆಗುತ್ತವೆ. ಆದರೆ ಇವರು ಉದ್ದ ಕಾಲಿನ ಮರಿಗಳನ್ನು ಚೆನ್ನಾಗಿಲ್ಲ ಎಂದು ಕೊಟ್ಟುಬಿಟ್ಟಿದ್ದರು.

ಪೋಲಿಷ್ ಭ್ರೂಣಗಳು ಹೆಚ್ಚಾಗಿ ನಡುವಿನ ದಿನಗಳಲ್ಲಿ ಸತ್ತಿದ್ದವು. ಕೆಲವಕ್ಕೆ ಮೈಮೇಲಿನ ಎಳೆಗರಿ ಗಂಟು ಗಂಟಾಗಿತ್ತು, ಹುಟ್ಟಿದ ಒಂದೆರಡು ಮರಿಗಳ ಬೆರಳು ಮುದುರಿತ್ತು. ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್, ಕಡಿಮೆಯಾದಾಗ ಕಾಣುವ ಗುರುತು ಇದು. ಮೇವು ಲೇಯರ್ ಫೀಡ್ ಆಗಿತ್ತು, ಅದರ ಮೇಲೆ ಪ್ರೀತಿಯಿಂದ ಬೊಗಸೆಗಟ್ಟಲೆ ಕಾಳು ಬೇರೆ. ಲೇಯರ್ ಫೀಡ್ ಮಾಡುವುದು ತಿನ್ನುವ ಮೊಟ್ಟೆಗೆ. ಒಂದು ಮರಿ ಪೂರ್ತಿ ಬೆಳೆಯಲು ಬೇಕಾದ ವಿಟಮಿನ್ ಜಾಸ್ತಿ. ಕಾಳು ಸೇರಿದಷ್ಟೂ ಇದ್ದ ವಿಟಮಿನ್ ಕೂಡ ತೆಳುವಾಗುತ್ತದೆ. ಮರಿ ಮಾಡಿಸುವ ಕೋಳಿಗಳಿಗೆಂದೇ ಇರುವ ಬ್ರೀಡರ್ ಫೀಡ್‌ಗೆ ಬದಲಿಸಿ, ಕಾಳು ಕಡಿಮೆ ಮಾಡಿದರು. ಮುಂದಿನ ಸರದಿಯಲ್ಲಿ ನಡುವಿನ ಸಾವು ಗಣನೀಯವಾಗಿ ಇಳಿಯಿತು.

ಸೀಬ್ರೈಟ್ ಮೊಟ್ಟೆಗಳು? ಹೆಚ್ಚುಕಡಿಮೆ ಎಲ್ಲವೂ ಬೀಜವಿಲ್ಲದವು. ಗರಿ ಕತ್ತರಿಸಿದರು, ಮೇವು ಬದಲಿಸಿದರು. ಏನೂ ಆಗಲಿಲ್ಲ.

ತಪ್ಪು ಕೋಂಬಿನ ಹುಂಜ

ಆ ಸಿಂಗಲ್ ಕೋಂಬ್ ಹುಂಜವನ್ನು ದೋಷದ್ದು ಎಂದು ಮೊಟ್ಟೆ ಕೋಳಿಗಳ ಕಡೆ ಬಿಟ್ಟಿದ್ದರು. ಅಲ್ಲಿ ಬೇರೆ ಹುಂಜ ಇರಲಿಲ್ಲ. ಈಗ ಬೀಜ ಕಟ್ಟಿದ ಮೊಟ್ಟೆಯ ಗುರುತು ಮನೆಯವರಿಗೆಲ್ಲ ತಿಳಿದಿತ್ತು. ಹಳದಿಯ ಮೇಲೆ ಬರೀ ಒಂದು ಒತ್ತಾದ ಬಿಳಿ ಚುಕ್ಕೆ ಇದ್ದರೆ ಬೀಜ ಇಲ್ಲ. ಆ ಚುಕ್ಕೆಯ ಸುತ್ತ ದುಂಡಗೆ ಉಂಗುರ ಕಂಡರೆ ಬೀಜ ಕಟ್ಟಿದೆ. ಅಡುಗೆಗೆಂದು ಮೊಟ್ಟೆ ಒಡೆಯುವಾಗ ಹೆಂಡತಿಗೆ ಆ ಉಂಗುರ ಮತ್ತೆ ಮತ್ತೆ ಕಂಡಿತು. ತನಗಿಂತ ಎಷ್ಟೋ ದೊಡ್ಡ ಹೇಂಟೆಗಳ ನಡುವೆ ಆ ಪುಟ್ಟ ಹುಂಜ ತನ್ನ ಕೆಲಸ ಮಾಡುತ್ತಿತ್ತು. ಆಯ್ದು ಇಟ್ಟ ಚೆಂದದ ಹುಂಜ ಮಾಡುತ್ತಿರಲಿಲ್ಲ.

ಇದು ಆಕಸ್ಮಿಕ ಅಲ್ಲ. ರೋಸ್ ಕೋಂಬ್ ಜೀನ್ ತಾಯಿ ತಂದೆ ಎರಡೂ ಕಡೆಯಿಂದ ಬಂದ ಹುಂಜಗಳಲ್ಲಿ ವೀರ್ಯಾಣುಗಳ ಚಲನೆ ಕುಗ್ಗಿರುತ್ತದೆ. ರೋಸ್ ಕೋಂಬ್ ಇರುವ ವಯಾಂಡಾಟ್ ತಳಿ ಸಾಕುವವರಿಗೆ ಇದು ಹಳೆಯ ಅನುಭವ. 2012ರಲ್ಲಿ ಪ್ರಕಟವಾದ ಸಂಶೋಧನೆ ಕಾರಣವನ್ನೂ ತೋರಿಸಿತು. ವರ್ಣತಂತುವಿನ ಒಂದು ದೊಡ್ಡ ತುಂಡು ತಿರುವುಮುರುವಾಗಿ ಕೂತಿದೆ. ಅದರ ಒಂದು ತುದಿಯಲ್ಲಾದ ಬದಲಾವಣೆ ಕೋಂಬಿನ ಆಕಾರ ಕೊಡುತ್ತದೆ. ಇನ್ನೊಂದು ತುದಿಯಲ್ಲಿ ವೀರ್ಯಾಣುವಿಗೆ ಬೇಕಾದ ಜೀನ್ ಮುರಿದಿದೆ. ಜೀನ್ ಒಂದೇ ಕಡೆಯಿಂದ ಬಂದ ಹುಂಜಕ್ಕೆ ರೋಸ್ ಕೋಂಬೇ ಇರುತ್ತದೆ, ವೀರ್ಯಕ್ಕೆ ಈ ತೊಂದರೆ ಇಲ್ಲ. ಹೇಂಟೆಗಳಿಗೂ ಈ ತೊಂದರೆ ಇಲ್ಲ. ಅಂದರೆ, ಪ್ರತಿ ತಲೆಮಾರಿನಲ್ಲೂ ಸಿಂಗಲ್ ಕೋಂಬ್ ಬಂದ ಮರಿಗಳನ್ನು ತೆಗೆದು ತೆಗೆದು ಹಾಕಿದ ಹಾಗೆಲ್ಲ, ಹಿಂಡಿನಲ್ಲಿ ಬೀಜ ಕಟ್ಟುವ ಶಕ್ತಿಯೂ ಹೊರಗೆ ಹೋಗುತ್ತಿರುತ್ತದೆ.

ಗಂಡನಿಗೆ ಒಪ್ಪಿಕೊಳ್ಳಲು ಕಷ್ಟವಾಯಿತು. ತಳಿಯ ಅಂದ ಕೆಡುತ್ತದೆ ಎಂಬ ಚಿಂತೆ. ಆ ಚಿಂತೆ ಸಹಜವೇ. ಆದರೂ ಹುಂಜ ಬದಲಿಸಿದರು. ಬೀಜ ಕಟ್ಟಿತು. ಹುಟ್ಟಿದ ಮರಿಗಳಲ್ಲಿ ಹೆಚ್ಚಿನವು ರೋಸ್ ಕೋಂಬ್‌ನವೇ. ಆ ಗಂಡು ಮರಿಗಳೆಲ್ಲ ಸಿಂಗಲ್ ಕೋಂಬ್ ಜೀನನ್ನು ಒಳಗೆ ಹೊತ್ತವು, ಹಾಗಾಗಿ ಮುಂದಿನ ತಲೆಮಾರಿಗೆ ಅವೇ ಸರಿಯಾದ ಹುಂಜಗಳು.

ಯಾವುದನ್ನು ಬಿಡುವುದು?

ಈ ಹೊತ್ತಿಗೆ ನಾಲ್ಕೂ ತಳಿಯ ತೊಂದರೆ ಏನೆಂದು ಗೊತ್ತಿತ್ತು. ಪರಿಹಾರವೂ ಗೊತ್ತಿತ್ತು. ಜಾಗ ಮಾತ್ರ ಇರಲಿಲ್ಲ. ಇರುವುದು ನಾಲ್ಕು ಆವರಣ.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳಬೇಕು, ಏಕೆಂದರೆ ಅವರ ಮನಸ್ಸು ಬದಲಿಸಿದ್ದು ಇದೇ. ಹುಂಜಗಳ ಸಂಖ್ಯೆಯನ್ನು ಹೇಂಟೆಗಳ ಸಂಖ್ಯೆಯಿಂದ ಗುಣಿಸಿ, ಮತ್ತೆ 4ರಿಂದ ಗುಣಿಸಿ, ಒಟ್ಟು ಕೋಳಿಗಳ ಸಂಖ್ಯೆಯಿಂದ ಭಾಗಿಸಿದರೆ ತಳಿಯ ದೃಷ್ಟಿಯಿಂದ ಆ ಹಿಂಡು ನಿಜಕ್ಕೂ ಎಷ್ಟು ದೊಡ್ಡದು ಎಂದು ತಿಳಿಯುತ್ತದೆ. ಒಂದು ಹುಂಜ, ಎರಡು ಹೇಂಟೆಗೆ ಉತ್ತರ 2.7. ಅಂಥ ಹಿಂಡಿನಲ್ಲಿ ಒಳಸಂಬಂಧ, ಅಂದರೆ ಹತ್ತಿರದ ರಕ್ತಸಂಬಂಧದೊಳಗೇ ಕೂಡುವುದು, ಪ್ರತಿ ತಲೆಮಾರಿಗೆ ಸುಮಾರು 19 ಶೇಕಡಾ ಏರುತ್ತದೆ. ಒಂದು ಹುಂಜಕ್ಕೆ ಒಂಬತ್ತು ಹೇಂಟೆ ಇಟ್ಟರೂ ಉತ್ತರ 3.6 ಮಾತ್ರ. ಹೇಂಟೆ ಎಷ್ಟೇ ಹೆಚ್ಚಿಸಿದರೂ ಒಂಟಿ ಹುಂಜ ಲೆಕ್ಕವನ್ನು ಕೆಳಗೆ ಎಳೆಯುತ್ತದೆ. ಅದೇ ಒಂಬತ್ತು ಹೇಂಟೆಗೆ ಮೂರು ಹುಂಜ ಆದರೆ 9 ಆಗುತ್ತದೆ, ಒಳಸಂಬಂಧದ ಏರಿಕೆ 6 ಶೇಕಡಾದೊಳಗೆ ಇಳಿಯುತ್ತದೆ. ತಳಿ ಉಳಿಸಲು ಈ ಸಂಖ್ಯೆ ಕನಿಷ್ಠ 50 ಇರಬೇಕು ಎನ್ನುವುದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿ.

ನಾಲ್ಕು ತಳಿ ಸಾಕಿದರೆ ನಾಲ್ಕೂ ನಿಧಾನಕ್ಕೆ ಸೊರಗುತ್ತವೆ. ಒಂದನ್ನೇ ಸಾಕಿದರೆ ಏನಾದರೂ ಆಗಬಹುದು. ಈ ಮಾತು ಮನೆಯಲ್ಲಿ ಹಲವು ದಿನ ನಡೆಯಿತು. ಗಂಡನಿಗೆ ಪೋಲಿಷ್ ಬೇಕಿತ್ತು. ಕೊನೆಗೆ ಸೀಬ್ರೈಟ್ ಉಳಿಯಿತು. ಗಾತ್ರ ಚಿಕ್ಕದು, ಅಷ್ಟೇ ಜಾಗದಲ್ಲಿ ಹೆಚ್ಚು ಕೋಳಿ ಹಿಡಿಸುತ್ತವೆ. ಜೊತೆಗೆ, ಪೋಲಿಷ್ ಸಾಕುವವರು ಬೇರೆ ಇದ್ದರು, ಸೀಬ್ರೈಟ್ ಸಾಕುವವರು ಸಿಗುವುದು ಕಷ್ಟವಿತ್ತು. ಪೋಲಿಷ್ ಮತ್ತು ಜಪಾನೀಸ್ ಬ್ಯಾಂಟಮ್‌ಗಳನ್ನು ಅದೇ ತಳಿ ಸಾಕುವವರಿಗೆ ಕೊಟ್ಟರು. ಸಿಲ್ಕಿ ಹೇಂಟೆಗಳನ್ನು ಮಾತ್ರ ಉಳಿಸಿಕೊಂಡರು, ಏಕೆಂದರೆ ಕಾವಿಗೆ ಕೂರುವುದರಲ್ಲಿ, ಮರಿ ನೋಡಿಕೊಳ್ಳುವುದರಲ್ಲಿ ಸಿಲ್ಕಿಯನ್ನು ಮೀರಿಸುವ ತಳಿ ಅಪರೂಪ.

ಇಬ್ಬರು ಸಾಕಣೆದಾರರಿಂದ, ಒಂದಕ್ಕೊಂದು ಸಂಬಂಧವಿಲ್ಲದ ಸೀಬ್ರೈಟ್‌ಗಳನ್ನು ತಂದರು. ನಾಲ್ಕು ವಾರ ಬೇರೆ ಇಟ್ಟು, ಮೂರು ಕುಟುಂಬ ಮಾಡಿದರು. ಹೆಣ್ಣು ಮರಿ ತಾಯಿಯ ಕುಟುಂಬದಲ್ಲೇ ಉಳಿಯುತ್ತದೆ. ಗಂಡು ಮರಿ ಪ್ರತಿ ವರ್ಷ ಮುಂದಿನ ಕುಟುಂಬಕ್ಕೆ ಹೋಗುತ್ತದೆ. ಮೊದಲನೆಯದರಿಂದ ಎರಡನೆಯದಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ಮತ್ತೆ ಒಂದಕ್ಕೆ. ಕಾಲಿಗೆ ಬಣ್ಣದ ಉಂಗುರ ಹಾಕಿದರೆ ಸಾಕು, ದೊಡ್ಡ ದಾಖಲೆ ಪುಸ್ತಕ ಬೇಡ.

ಮರೆಕ್ಸ್

ಎಲ್ಲ ಸರಿಹೋಯಿತು ಎನ್ನುವಾಗ, ಸಿಲ್ಕಿ ತಾಯಂದಿರ ಜೊತೆ ಬೆಳೆಯುತ್ತಿದ್ದ ಎಳೆಯ ಸೀಬ್ರೈಟ್‌ಗಳು ಒಂದೊಂದಾಗಿ ಕುಂಟತೊಡಗಿದವು. ಒಂದು ಕಾಲು ಮುಂದಕ್ಕೆ, ಒಂದು ಕಾಲು ಹಿಂದಕ್ಕೆ ಚಾಚಿ ಮಲಗಿಬಿಡುತ್ತಿದ್ದವು. ಪೆಟ್ಟಾಗಿರಬೇಕು, ವಿಟಮಿನ್ ಕಡಿಮೆ ಇರಬೇಕು ಎಂದು ಊಹೆ ಮಾಡುತ್ತಾ ಕೂರದೆ, ಸತ್ತ ಒಂದನ್ನು ಪಶುವೈದ್ಯರ ಬಳಿ ಒಯ್ದು ಕೊಯ್ದು ನೋಡಿಸಿದರು. ಒಂದು ಕಾಲಿನ ನರ ಇನ್ನೊಂದಕ್ಕಿಂತ ದಪ್ಪವಾಗಿ ಊದಿಕೊಂಡಿತ್ತು. ಮರೆಕ್ಸ್ ಕಾಯಿಲೆ.

ಹಂಗೇರಿಯ ಪಶುವೈದ್ಯ ಯೋಸೆಫ್ ಮರೆಕ್ 1907ರಲ್ಲಿ ಮೊದಲು ವಿವರಿಸಿದ ಕಾಯಿಲೆ ಇದು. ಹರ್ಪಿಸ್ ಗುಂಪಿನ ವೈರಸ್‌ನಿಂದ ಬರುತ್ತದೆ. ಗರಿಯ ಬುಡದಿಂದ ಉದುರುವ ಹೊಟ್ಟಿನ ಜೊತೆ ಗಾಳಿಯಲ್ಲಿ ಹರಡಿ, ಗೂಡಿನ ದೂಳಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಒಮ್ಮೆ ತಗುಲಿದ ಕೋಳಿ ಬದುಕಿದರೂ ಜೀವನಪೂರ್ತಿ ವೈರಸ್ ಹೊತ್ತಿರುತ್ತದೆ. ನೋಡಲು ಆರೋಗ್ಯವಾಗಿಯೇ ಇರಬಹುದು. ಹಾಗಾಗಿ ನಾಲ್ಕು ವಾರ ಬೇರೆ ಇಟ್ಟದ್ದು ಬೇರೆ ರೋಗಗಳಿಗೆ ಉಪಯೋಗವಾದರೂ ಇದನ್ನು ತಡೆಯಲಾಗಲಿಲ್ಲ. ಸೀಬ್ರೈಟ್, ಸಿಲ್ಕಿ ಎರಡೂ ಈ ಕಾಯಿಲೆಗೆ ಬೇಗ ಬಲಿಯಾಗುವ ತಳಿಗಳೆಂದು ಸಾಕುವವರಲ್ಲಿ ಹೆಸರಾಗಿವೆ.

ಲಸಿಕೆ ಇದೆ, ಹುಟ್ಟಿದ ಮೊದಲ ದಿನವೇ ಹಾಕಬೇಕು. ಅದು ಗಡ್ಡೆ ಮತ್ತು ಲಕ್ವವನ್ನು ತಡೆಯುತ್ತದೆ, ಸೋಂಕನ್ನು ತಡೆಯುವುದಿಲ್ಲ. ಕೆಲಸ ಶುರುಮಾಡಲು ಅದಕ್ಕೆ ಒಂದೆರಡು ವಾರ ಬೇಕು. ತಾಯಿಯ ರೆಕ್ಕೆಯ ಕೆಳಗೆ ಮರಿ ಹುಟ್ಟಿದರೆ ಮೊದಲ ಗಂಟೆಯಿಂದಲೇ ಆ ದೂಳಿನಲ್ಲಿ ಉಸಿರಾಡುತ್ತದೆ, ಲಸಿಕೆಗೆ ಸಮಯವೇ ಸಿಗುವುದಿಲ್ಲ. ಸಿಲ್ಕಿ ತಾಯಂದಿರ ಯೋಜನೆ ಅಲ್ಲಿಗೆ ನಿಂತಿತು. ಮನಸ್ಸಿಗೆ ತುಂಬ ನೋವಾದ ತೀರ್ಮಾನ ಇದೇ ಎಂದು ಇಬ್ಬರೂ ಹೇಳುತ್ತಾರೆ. ಈಗ ಮೊಟ್ಟೆಗಳನ್ನು ಯಂತ್ರದಲ್ಲೇ ಇಡುತ್ತಾರೆ. ಕಲಸಿದ ಲಸಿಕೆ ಹೆಚ್ಚು ಹೊತ್ತು ಉಳಿಯುವುದಿಲ್ಲ, ಒಂದು ಸೀಸೆ ನೂರಾರು ಮರಿಗೆ ಆಗುವಷ್ಟಿರುತ್ತದೆ. ಅದಕ್ಕೇ ಬಿಡಿ ಬಿಡಿಯಾಗಿ ಇಡದೆ, ದೊಡ್ಡ ಸರದಿಯಲ್ಲಿ ಒಟ್ಟಿಗೆ ಮರಿ ಮಾಡಿಸುತ್ತಾರೆ. ಮರಿಗಳು ಮೊದಲ ವಾರಗಳನ್ನು ಮನೆಯೊಳಗಿನ ಬೇರೆ ಕೋಣೆಯಲ್ಲಿ ಕಳೆಯುತ್ತವೆ. ಬೆಳಗ್ಗೆ ಮೊದಲು ಮರಿಗಳ ಕೆಲಸ, ಆಮೇಲೆ ದೊಡ್ಡ ಕೋಳಿಗಳದ್ದು. ಬಟ್ಟೆ, ಚಪ್ಪಲಿ ಬೇರೆ ಬೇರೆ.

ಆಯ್ಕೆಯ ಕ್ರಮವೂ ಬದಲಾಯಿತು. ಮೊದಲು ಗರಿಯ ಅಂಚು ಚೆಂದ ಇರುವ ಒಂದು ವರ್ಷದ ಹೇಂಟೆಗಳ ಮೊಟ್ಟೆ ಆರಿಸುತ್ತಿದ್ದರು. ಈಗ ಎರಡು ವರ್ಷ ದಾಟಿ, ಇದೇ ದೂಳಿನಲ್ಲಿ ಬದುಕಿ, ಇನ್ನೂ ಗಟ್ಟಿಯಾಗಿರುವ ಹೇಂಟೆಗಳ ಮೊಟ್ಟೆಗೆ ಮೊದಲ ಜಾಗ. ಮರೆಕ್ಸ್ ತಡೆದುಕೊಳ್ಳುವ ಶಕ್ತಿಯಲ್ಲಿ ಒಂದು ಪಾಲು ವಂಶದಿಂದ ಬರುತ್ತದೆ, ಆದ್ದರಿಂದ ಈ ಆಯ್ಕೆಗೆ ಅರ್ಥವಿದೆ. ಬದುಕಿದ್ದು ಮೊದಲು, ಬೀಜ ಕಟ್ಟುವುದು ಎರಡನೆಯದು, ಅಂಚಿನ ಅಂದ ಮೂರನೆಯದು. ಅಂದವನ್ನು ಅವರು ಬಿಟ್ಟಿಲ್ಲ, ಸರದಿಯಲ್ಲಿ ಹಿಂದಕ್ಕೆ ಹಾಕಿದ್ದಾರೆ. ಅಪರೂಪದ ತಳಿ ಇಟ್ಟುಕೊಂಡವರೆಲ್ಲ ಈ ಸರದಿಯನ್ನು ಹೀಗೆಯೇ ಇಡಬೇಕು ಎಂದು ನಾನು ಕೇಳಿಕೊಳ್ಳುತ್ತೇನೆ.

ಈಗಿನ ಸ್ಥಿತಿ

ಮೂರು ಕುಟುಂಬಗಳೂ ಇವೆ. ಮರಿಗಳಲ್ಲಿ ಆಗೊಮ್ಮೆ ಈಗೊಮ್ಮೆ ಸಾವು ಇದೆ, ಮೊದಲಿನಷ್ಟಿಲ್ಲ. ನಾಲ್ಕನೇ ಆವರಣ ಬೆಳೆಯುವ ಮರಿಗಳಿಗೆ ಮೀಸಲು. ಸಿಲ್ಕಿಗಳು ಮೊಟ್ಟೆ ಕೋಳಿಗಳಿಂದ ದೂರ, ತಮ್ಮದೇ ಮೂಲೆಯಲ್ಲಿವೆ. ಇದ್ದವನ್ನು ಯಾರಿಗೂ ಕೊಡುವುದಿಲ್ಲ ಎಂದು ನಿರ್ಧರಿಸಿದ್ದಾರೆ, ಏಕೆಂದರೆ ಈ ಹಿತ್ತಲಿನ ದೊಡ್ಡ ಕೋಳಿ ಯಾವುದೇ ಆಗಲಿ, ವೈರಸ್ಸನ್ನು ಇನ್ನೊಂದು ಮನೆಗೆ ಒಯ್ಯಬಲ್ಲದು.

ಆದರೆ 50ರ ಲೆಕ್ಕ ಒಂದು ಹಿತ್ತಲಿನಲ್ಲಿ ಆಗುವ ಕೆಲಸವಲ್ಲ, ಅಲ್ವಾ? ಇಲ್ಲಿ ಮರೆಕ್ಸ್‌ನ ಒಂದು ಗುಣ ನೆರವಿಗೆ ಬಂತು. ಅದು ಮೊಟ್ಟೆಯೊಳಗಿನಿಂದ ಮರಿಗೆ ದಾಟುವುದಿಲ್ಲ. ಅದಕ್ಕೇ ಕೋಳಿ ಕೊಡದೆ, ಶುಚಿಯಾದ ಮೊಟ್ಟೆಗಳನ್ನು ಕೊಡುತ್ತಾರೆ. ಈಗ ಇನ್ನೆರಡು ಮನೆಗಳಲ್ಲಿ, ಹೊಸ ಗೂಡುಗಳಲ್ಲಿ, ಇದೇ ಮೂರು ಕುಟುಂಬಗಳ ಮರಿಗಳು ಬೆಳೆಯುತ್ತಿವೆ. ಹುಂಜ ಬೇಕಾದಾಗ ಈ ಮೂರೂ ಮನೆಯವರು ಮೊಟ್ಟೆಯನ್ನೇ ಅದಲುಬದಲು ಮಾಡಿಕೊಳ್ಳುತ್ತಾರೆ. ಸಿಂಗಲ್ ಕೋಂಬ್ ಬಂದ ಗಂಡು ಮರಿಗಳನ್ನು ಯಾರೂ ತೆಗೆದುಹಾಕಬಾರದು ಎಂಬ ಒಪ್ಪಂದವೂ ಆಗಿದೆ. ಪ್ರತಿ ಮನೆಯಲ್ಲೂ ಅಂಥ ಒಂದು ಹುಂಜ ಇರಲೇಬೇಕು.